ಹತ್ತೂವರೆಯ ಬಟ್ಟಲು

ಮ್ಯೂಸ್ಲಿಯ ಮೇಲೆ ನನ್ನದೊಂದು ದೂರಿದೆ. ಅದು ತಣ್ಣಗಾಗುವುದಿಲ್ಲ. ಓಟ್ಸು, ಒಣದ್ರಾಕ್ಷಿ, ಹೆಸರು ಗೊತ್ತಿಲ್ಲದ ಒಂದೆರಡು ಒಣಹಣ್ಣಿನ ಚೂರು, ಕುಂಬಳಬೀಜ, ಸೂರ್ಯಕಾಂತಿ ಬೀಜ ಎಲ್ಲ ಸೇರಿದ ಆ ಮಿಶ್ರಣವನ್ನು ಡಬ್ಬದಿಂದ ಬಟ್ಟಲಿಗೆ ಸುರಿದು ಹಾಲು ಹುಯ್ದರೆ ಕೆಲಸ ಮುಗಿಯಿತು. ಬೆಳಗ್ಗೆ ಹೇಗಿತ್ತೋ ಮಧ್ಯಾಹ್ನವೂ ಹಾಗೇ ಕೂತಿರುತ್ತದೆ. ತಣ್ಣಗಾಗದ ತಿಂಡಿಯಿಂದ ಒಂದು ಸಂಸಾರಕ್ಕೆ ಎಂಥ ನಷ್ಟವಾಗುತ್ತದೆ ಎಂಬುದು ಅದನ್ನು ಕಂಡುಹಿಡಿದವರಿಗೆ ಹೊಳೆದಂತಿಲ್ಲ. ನಮ್ಮ ಕಡೆ ಜನ ತಿಂಡಿಗೆ ಏಳುವುದು ಹಸಿವಾಗಿ ಅಲ್ಲ. "ತಣ್ಣಗಾಗ್ತಾ ಇದೆ, ಬನ್ನಿ" ಎಂಬ ಕೂಗು ಕೇಳಿ. ಆ ಕೂಗಿನಲ್ಲಿ ಸ್ವಲ್ಪ ಗದರಿಕೆ ಇರುತ್ತದೆ, ಸ್ವಲ್ಪ ಪ್ರೀತಿ ಇರುತ್ತದೆ, ಎರಡರ ಪ್ರಮಾಣ ದಿನಕ್ಕೊಂದು ಥರ. ಮ್ಯೂಸ್ಲಿಗೆ ಇದ್ಯಾವುದೂ ಬೇಡ. ಯಾರೂ ಕೂಗಬೇಕಿಲ್ಲ, ಯಾರೂ ಬಡಿಸಬೇಕಿಲ್ಲ, "ಇನ್ನೊಂದು ಹಾಕ್ಕೊಳ್ಳಿ" ಎಂದು ಬಲವಂತ ಮಾಡುವವರಂತೂ ಬೇಡವೇ ಬೇಡ. ಒಂಟಿಯಾಗಿ ಕೂತು ತಿನ್ನುವವರಿಗೆಂದೇ ಹುಟ್ಟಿದ ಪದಾರ್ಥ ಅದು.

ಇಂಥ ಪದಾರ್ಥ ನಮ್ಮ ಮನೆಯ ಮೂವರನ್ನು ಒಂದೇ ಹೊತ್ತಿಗೆ ಒಟ್ಟಿಗೆ ಕೂರಿಸಿತು ಎಂದರೆ ನೀವು ನಂಬಲಾರಿರಿ. ಈಗ ನೆನೆದರೆ ನನಗೂ ಅದು ಅರೆನಿದ್ದೆಯಲ್ಲಿ ನಡೆದ ಹಾಗೆ ಅನಿಸುತ್ತದೆ. ಆ ಕಾಲವೇ ಹಾಗಿತ್ತು. ಯಾವ ವಾರ ಮುಗಿದು ಯಾವ ವಾರ ಶುರುವಾಯಿತು ಎಂದು ಯಾರಾದರೂ ಕೇಳಿದರೆ ಕ್ಯಾಲೆಂಡರ್ ನೋಡಿಯೇ ಹೇಳಬೇಕಿತ್ತು.

ನಾವಿರುವುದು ಮಲೇಷ್ಯಾದ ಸೈಬರ್‌ಜಯಾದಲ್ಲಿ. ನಾನು ಸಾಫ್ಟ್‌ವೇರ್ ಪರೀಕ್ಷಿಸುವವನು. ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ನನ್ನ ಹೆಂಡತಿ ಶೈಲಾ ದಾವಣಗೆರೆಯವಳು, ನಾನು ಮೈಸೂರಿನವನು. ಮಗಳು ಇಂಚರ ಆಗ ಹತ್ತು ವರ್ಷದವಳು. ಅವಳು ನಾವಾಡುವ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆ ಇಂಗ್ಲಿಷಿನ ಬಾಲಕ್ಕೆ ಇಲ್ಲಿಯವರ 'ಲಾ' ಒಂದನ್ನು ಸಿಕ್ಕಿಸುತ್ತಾಳೆ. ಕೊರೊನಾ ಕಾಲಿಟ್ಟ ವರ್ಷದ ಮಾರ್ಚ್ ತಿಂಗಳ ಮೊದಲಲ್ಲಿ ಶೈಲಾ ತಂಗಿಯ ಬಾಣಂತನಕ್ಕೆಂದು ದಾವಣಗೆರೆಗೆ ಹೋದಳು. ನನ್ನ ಅತ್ತೆ ತೀರಿಕೊಂಡಿದ್ದರಿಂದ ತಂಗಿಗೆ ತಾಯಿಯೂ ಅವಳೇ ಆಗಬೇಕಿತ್ತು. ಒಂದು ತಿಂಗಳಿಗೆಂದು ಹೋದವಳ ಹಿಂದೆಯೇ ವಿಮಾನಗಳು ನಿಂತವು, ಗಡಿಗಳು ಮುಚ್ಚಿದವು. ಅಲ್ಲಿ ಅವಳು, ತಂಗಿ, ಹೊಸ ಮಗು. ಇಲ್ಲಿ ನಾನು, ಇಂಚರ, ಒಂದು ಗ್ಯಾಸ್ ಒಲೆ.

ಒಲೆಯ ಜೊತೆ ನನ್ನ ಸಂಬಂಧ ಅಷ್ಟಕ್ಕಷ್ಟೇ. ಆದರೂ ಅಕ್ಕಿ, ಬೇಳೆ ಬೇಯಿಸಿ ಸಾರು ಎನ್ನಬಹುದಾದ ಒಂದನ್ನು ಮಾಡುತ್ತಿದ್ದೆ. ತೊಂದರೆ ಬಂದದ್ದು ಬೆಳಗಿನ ತಿಂಡಿಗೆ. ಅವಲಕ್ಕಿ, ರವೆ, ಶ್ಯಾವಿಗೆ ಎಲ್ಲವನ್ನೂ ನಾವು ತರುತ್ತಿದ್ದದ್ದು ಕ್ವಾಲಾಲಂಪುರದ ಭಾರತೀಯರ ಕೇರಿ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಗಳಿಂದ. ಈಗ ಮನೆಗೊಬ್ಬರೇ ಹೊರಗೆ ಹೋಗಬೇಕು, ಅದೂ ಹತ್ತು ಕಿಲೋಮೀಟರಿನೊಳಗೆ ಎಂದು ಅಪ್ಪಣೆಯಾಗಿತ್ತು. ದಾರಿಯಲ್ಲಿ ಪೊಲೀಸರು ಅಡ್ಡಕಟ್ಟಿ ಕೂತಿದ್ದರು. ಬ್ರಿಕ್‌ಫೀಲ್ಡ್ಸ್ ಅದಕ್ಕಿಂತ ಎಷ್ಟೋ ದೂರ. ಹತ್ತಿರದ ಸೂಪರ್‌ಮಾರ್ಕೆಟ್ಟಿಗೆ ನಾನು ತಲುಪುವಷ್ಟರಲ್ಲಿ ಬ್ರೆಡ್ಡು, ನೂಡಲ್ಸು, ಹಿಟ್ಟು ಎಲ್ಲ ಖಾಲಿಯಾಗಿ, ಇಡೀ ಸಾಲಿನಲ್ಲಿ ಮ್ಯೂಸ್ಲಿ ಮಾತ್ರ ಯಾರಿಗೂ ಬೇಡವಾಗಿ ನಿಂತಿತ್ತು. ಪ್ಯಾಕೆಟ್ಟಿನ ಮೇಲೆ ಹಿಮದ ಬೆಟ್ಟ, ಅದರ ಬುಡದಲ್ಲಿ ಹಸು. ನನಗೇಕೋ ಪಾಪ ಅನ್ನಿಸಿತು. ಗಾಡಿಯ ತುಂಬ ಹಾಕಿಕೊಂಡು ಬಂದೆ.

ಮರುದಿನ ಬೆಳಗ್ಗೆ ಮಾಡಿದ ಕೆಲಸವನ್ನು ನಮ್ಮ ನಾಡಿನಲ್ಲಿ ಹುಟ್ಟಿದವನಲ್ಲದೆ ಇನ್ನೊಬ್ಬ ಮಾಡಲಾರ. ಪ್ಯಾಕೆಟ್ ಬಿಚ್ಚಿ ನೋಡಿದೆ. ಚಪ್ಪಟೆ ಮಾಡಿದ ಧಾನ್ಯ. ಚಪ್ಪಟೆ ಮಾಡಿದ ಧಾನ್ಯ ಎಂದರೆ ಅವಲಕ್ಕಿಯೇ ಅಲ್ಲವೇ ಎಂದು ತಲೆ ಕೇಳಿತು. ಹೌದು ಎಂದು ಕೈ ಒಪ್ಪಿಕೊಂಡಿತು. ಆಮೇಲೆ ನಡೆದದ್ದೆಲ್ಲ ಕೈಯದೇ ಕಾರುಬಾರು. ಮೂರು ಹಿಡಿ ಮ್ಯೂಸ್ಲಿಯನ್ನು ಪಾತ್ರೆಗೆ ಹಾಕಿ ಎರಡು ನೀರಿನಲ್ಲಿ ತೊಳೆದೆ. ನೆನೆಯಲು ಬಿಟ್ಟೆ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ ಹಾಕಿದೆ. ಪಕ್ಕದ ಮನೆಯ ಪುಷ್ಪಾ ಆಂಟಿ ತಮ್ಮ ಬಾಲ್ಕನಿಯ ಕುಂಡದಿಂದ ಮುರಿದು ನಮ್ಮ ಬಾಗಿಲ ಹಿಡಿಗೆ ಸಿಕ್ಕಿಸಿ ಹೋಗಿದ್ದ ಕರಿಬೇವನ್ನೂ ಹಾಕಿದೆ. ಘಮ್ಮೆಂದಿತು. ಇಂಚರ ಕೋಣೆಯಿಂದ ಹೊರಗೆ ಬಂದಳು. ನಾನು ಗೆದ್ದವನ ಹಾಗೆ ನೆನೆದ ಮ್ಯೂಸ್ಲಿಗೆ ಕೈಯಿಟ್ಟು ಹಿಂಡಿದೆ.

ಅವಲಕ್ಕಿ ಹಿಂಡಿದರೆ ನೀರು ಬರುತ್ತದೆ, ಅವಲಕ್ಕಿ ಉಳಿಯುತ್ತದೆ. ಓಟ್ಸ್ ಹಿಂಡಿದರೆ ಓಟ್ಸೇ ಬೆರಳ ಸಂದಿಯಿಂದ ಜಾರಿ ಹೋಗುತ್ತದೆ. ಕೈಯಲ್ಲಿ ಉಳಿದದ್ದು ಒಂದಿಷ್ಟು ಕುಂಬಳಬೀಜ, ಉಬ್ಬಿದ ದ್ರಾಕ್ಷಿ, ಮತ್ತೆ ಲೋಳೆ. ಬಿಟ್ಟುಕೊಡುವ ಜಾತಿ ನನ್ನದಲ್ಲ. ಎಲ್ಲವನ್ನೂ ಒಗ್ಗರಣೆಗೆ ಸುರಿದು ತಿರುವಿದೆ. ಹಳದಿ ಬಣ್ಣದ ಅಂಟಿನ ನಡುವೆ ಕೆಂಪು ಹಣ್ಣಿನ ಚೂರುಗಳು ಕಣ್ಣು ಬಿಟ್ಟು ನೋಡುತ್ತಿದ್ದವು. ಬಾಯಿಗಿಟ್ಟರೆ ಹಸಿಮೆಣಸಿನಕಾಯಿಯ ಪಕ್ಕದಲ್ಲೇ ಒಣದ್ರಾಕ್ಷಿ. ಯಾರ ಮಾತು ಕೇಳಬೇಕೆಂದು ನಾಲಿಗೆಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಇಂಚರ ಅಮ್ಮನಿಗೆ ವಿಡಿಯೋ ಕರೆ ಮಾಡಿ ಟ್ಯಾಬನ್ನು ಬಾಣಲೆಯ ಮೇಲೆಯೇ ಹಿಡಿದಿದ್ದಳು. ಶೈಲಾ ಪರದೆಗೆ ಮುಖ ಹತ್ತಿರ ತಂದು ನೋಡಿದಳು.

"ಅಲ್ರೀ, ಅದನ್ನ ತೊಳೆದ್ರಾ?"

"ತೊಳೆದೆ."

"ಹಿಂಡಿದ್ರಾ?"

"ಹಿಂಡಿದೆ."

"ಇನ್ನೊಂಚೂರು ಪುಟಾಣಿ ಹಿಟ್ಟು ಉದುರಿಸಿಬಿಡ್ರಿ. ನಮ್ ದಾವಣಗೆರೆ ಮಂದಿ ಇವತ್ತಾದ್ರೂ ನಿಮ್ಮನ್ನ ಅಳಿಯ ಅಂತ ಒಪ್ಕೊಳ್ತಾರೆ."

ಅವಳ ತಟ್ಟೆಯಲ್ಲಿ ಅವತ್ತು ಮಂಡಕ್ಕಿ ಒಗ್ಗರಣೆ ಇತ್ತು. ಮೈಸೂರಿನವರಾದ ನಾವು ಪುರಿ ಎಂದು ಹೆಸರಿಟ್ಟು ಸಂಜೆ ಹೊತ್ತು ಕಾಲಕ್ಷೇಪಕ್ಕೆ ತಿನ್ನುವುದನ್ನು ಅವರು ಮಂಡಕ್ಕಿ ಎಂದು ಕರೆದು, ನೀರಿನಲ್ಲಿ ತೋಯಿಸಿ, ಹಿಂಡಿ, ಒಗ್ಗರಣೆ ಕೊಟ್ಟು, ಹುರಿಗಡಲೆ ಹಿಟ್ಟು ಉದುರಿಸಿ ಬೆಳಗಿನ ತಿಂಡಿಯ ಪದವಿಗೇರಿಸಿದ್ದಾರೆ. ಇಂಚರ ಎರಡನ್ನೂ ನೋಡಿದಳು, ಪರದೆಯ ಮೇಲಿನ ತಟ್ಟೆಯನ್ನು, ನನ್ನ ಬಾಣಲೆಯನ್ನು. "ಅಪ್ಪ, ಪೀಪಲ್ ಜಸ್ಟ್ ಪೋರ್ ಮಿಲ್ಕ್ ಓನ್ಲಿ ಲಾ," ಎಂದಳು. ಆಮೇಲೆ ತಾಯಿ ಮಗಳು ಇಬ್ಬರೂ ನಗತೊಡಗಿದರು. ನನ್ನನ್ನು ನೋಡಿ ನಗುವುದು ಆ ಮನೆಯಲ್ಲಿ ಹೊಸದಲ್ಲ. ಆದರೆ ಅಮ್ಮ ಹೋದ ಮೇಲೆ ಮಗಳು ಹಾಗೆ ನಕ್ಕದ್ದು ಅದೇ ಮೊದಲು. ನಾನು ಬಾಣಲೆ ತೊಳೆದೆ. ಹಾಲು ಹುಯ್ದ ಎರಡು ಬಟ್ಟಲು ಮೇಜಿನ ಮೇಲೆ ಬಂದವು.

ಗಡಿಯಾರ ನೋಡಿದೆ. ನಮ್ಮಲ್ಲಿ ಹತ್ತೂವರೆ. ದಾವಣಗೆರೆಯಲ್ಲಿ ಎಂಟು.

ನಮ್ಮ ಬ್ರಂಚಿನ ಹುಟ್ಟು ಇದು. ಅಲ್ಲಿಯ ಕಾಲಕ್ಕಿಂತ ಇಲ್ಲಿಯ ಕಾಲ ಎರಡೂವರೆ ಗಂಟೆ ಮುಂದೆ ಓಡುತ್ತದೆ. ನಮ್ಮ ಬೆಳಗಿನಲ್ಲಿ ಕರೆ ಮಾಡಿದರೆ, ರಾತ್ರಿಯೆಲ್ಲ ಕೂಸನ್ನು ಎತ್ತಿಕೊಂಡು ತಿರುಗಿದವಳಿಗೆ ಆಗ ತಾನೇ ಕಣ್ಣು ಹತ್ತಿರುತ್ತಿತ್ತು. ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಕೂಸಿಗೆ ನೀರು ಹಾಕುತ್ತಿರುತ್ತಿದ್ದಳು. ಎಲ್ಲ ಸರಿಹೋಗುತ್ತಿದ್ದದ್ದು ಹತ್ತೂವರೆಗೆ ಮಾತ್ರ. ಇಂಚರಳ ಆನ್‌ಲೈನ್ ತರಗತಿಗೆ ಆಗ ಬಿಡುವು. ನಾನು ಆಫೀಸಿನ ಕ್ಯಾಲೆಂಡರಿನಲ್ಲಿ ಆ ಅರ್ಧ ಗಂಟೆಯ ಮೇಲೆ ಬ್ರಂಚ್ ಎಂದು ಬರೆದು ಬೀಗ ಹಾಕಿದೆ. ಯಾರೂ ಕೇಳಲಿಲ್ಲ. ತಿಂಡಿ ಎಂದು ಬರೆದಿದ್ದರೆ ಇಷ್ಟು ತಡವಾಗಿಯೇ ಎಂದು ಕೇಳುತ್ತಿದ್ದರು, ಊಟ ಎಂದಿದ್ದರೆ ಇಷ್ಟು ಬೇಗವೇ ಎನ್ನುತ್ತಿದ್ದರು.

ನಿಜ ಹೇಳಬೇಕೆಂದರೆ ಬ್ರಂಚ್ ಎಂಬುದು ನನಗೆ ಮೊದಲಿನಿಂದಲೂ ಶ್ರೀಮಂತರ ಸೋಮಾರಿತನದಂತೆ ಕಾಣುತ್ತಿತ್ತು. ನಮ್ಮ ದಿನಕ್ಕೆ ತಿಂಡಿ ಒಂದು ಕಂಬ, ಊಟ ಒಂದು ಕಂಬ. ಇವೆರಡರ ನಡುವೆ ಎದುರಾದವನನ್ನು ಮಾತಾಡಿಸುವುದೇ ಕಷ್ಟ. ಒಂಬತ್ತಕ್ಕೆ ಸಿಕ್ಕವನಿಗೆ "ತಿಂಡಿ ಆಯ್ತಾ" ಎನ್ನಬಹುದು, ಒಂದಕ್ಕೆ ಸಿಕ್ಕವನಿಗೆ "ಊಟ ಆಯ್ತಾ" ಎನ್ನಬಹುದು. ಹತ್ತೂವರೆಗೆ ಸಿಕ್ಕವನಿಗೆ ಏನೆನ್ನಬೇಕು? ತಿಂಡಿ ಎಂದರೆ ಅವನು ಸೋಮಾರಿ ಎಂದಂತೆ, ಊಟ ಎಂದರೆ ಹೊಟ್ಟೆಬಾಕ ಎಂದಂತೆ. ಮರ್ಯಾದಸ್ಥ ಕನ್ನಡಿಗ ಆ ಹೊತ್ತಿಗೆ ಹವೆಯ ಬಗ್ಗೆ ಮಾತಾಡಿ ತಪ್ಪಿಸಿಕೊಳ್ಳುತ್ತಾನೆ. ನಮ್ಮ ಕಟ್ಟಡದ ಕಾವಲುಗಾರನಿಗೆ ಈ ಕಷ್ಟವಿರಲಿಲ್ಲ. ಹಾಲು ತರಲು ಇಳಿದಾಗಲೆಲ್ಲ ಆತ ನನ್ನ ಹಣೆಗೆ ಜ್ವರ ಅಳೆಯುವ ಯಂತ್ರ ಹಿಡಿದು "ಸುದಾ ಮಕಾನ್?" ಎನ್ನುತ್ತಿದ್ದ. ತಿಂದಾಯಿತೇ ಎಂದಷ್ಟೇ ಅದರ ಅರ್ಥ. ಏನನ್ನು, ಯಾವ ಹೊತ್ತಿನದನ್ನು ಎಂಬ ತಕರಾರಿಲ್ಲ. ಹೊಟ್ಟೆಗೆ ಏನಾದರೂ ಬಿತ್ತೇ ಎಂಬುದಷ್ಟೇ ಮುಖ್ಯವಾದ ಒಂದು ಪ್ರಶ್ನೆಯನ್ನು ಈ ಜನ ಎಷ್ಟು ಸರಳವಾಗಿ ಇಟ್ಟುಕೊಂಡಿದ್ದಾರಲ್ಲ ಎಂದು ನನಗೆ ಖುಷಿಯಾಗುತ್ತಿತ್ತು.

ಆ ಹತ್ತೂವರೆಗಳ ನೆನಪು ಬೇರೆಲ್ಲ ನೆನಪುಗಳಿಗಿಂತ ತಿಳಿಯಾಗಿದೆ. ಕಿಟಕಿಯ ಆಚೆ ಸೈಬರ್‌ಜಯಾದ ಅಗಲವಾದ ರಸ್ತೆಗಳು ವಾಹನವಿಲ್ಲದೆ ಬಿದ್ದಿರುತ್ತಿದ್ದವು. ಸಿಗ್ನಲ್ ದೀಪಗಳು ಯಾರೂ ಇಲ್ಲದಿದ್ದರೂ ಕೆಂಪು, ಹಸಿರು ಎಂದು ತಮ್ಮ ಪಾಡಿಗೆ ಬದಲಾಗುತ್ತಿದ್ದವು. ಇಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ. ಆದರೆ ಹುಟ್ಟಿದ ಮೇಲೆ ತಡಮಾಡುವುದಿಲ್ಲ. ಹತ್ತೂವರೆಗೆಲ್ಲ ನಮ್ಮ ಮೇಜಿನ ಮೇಲೆ ಬೆಳ್ಳಗಿನ ಬಿಸಿಲು ಬಂದು ಕೂತಿರುತ್ತಿತ್ತು. ಅದೇ ಹೊತ್ತಿಗೆ ಪರದೆಯ ಆಚೆ ಶೈಲಾಳ ಕೆನ್ನೆಯ ಮೇಲೆ ಓರೆಯಾಗಿ ಬೀಳುತ್ತಿದ್ದದ್ದು ಎಳೆಬಿಸಿಲು. ಇರುವವನು ಒಬ್ಬನೇ ಸೂರ್ಯ. ಆದರೆ ಅವಳ ಬಳಿ ಇದ್ದದ್ದು ಸ್ವಲ್ಪ ಚಿಕ್ಕ ವಯಸ್ಸಿನ ಸೂರ್ಯ. ನಾವು ಆಗಲೇ ಕಳೆದುಬಿಟ್ಟಿದ್ದ ಬೆಳಗನ್ನು ಅವಳು ಇನ್ನೂ ಇಟ್ಟುಕೊಂಡಿದ್ದಾಳೆ, ನಾವು ಕೇಳಿದರೆ ಒಂದು ಚೂರು ಕೊಡುತ್ತಾಳೆ ಎಂದು ನನಗೆ ಭ್ರಮೆಯಾಗುತ್ತಿತ್ತು. ಬಟ್ಟಲಲ್ಲಿ ಓಟ್ಸ್ ಮೆಲ್ಲಗೆ ಹಾಲು ಕುಡಿದು ಉಬ್ಬುತ್ತಿತ್ತು. ಮಾತಿಲ್ಲದಿದ್ದರೂ ನಡೆಯುತ್ತಿತ್ತು.

ಅಗಿಯುವುದಕ್ಕೆ ಬಹಳ ಹೊತ್ತು ಹಿಡಿಯುವ ತಿಂಡಿಯಾದ್ದರಿಂದ ಯೋಚನೆಗೂ ಬಿಡುವು ಸಿಗುತ್ತಿತ್ತು. ಈ ಮ್ಯೂಸ್ಲಿಯನ್ನು ಮೊದಲು ಮಾಡಿದವನು ಸ್ವಿಟ್ಜರ್‌ಲೆಂಡಿನ ಒಬ್ಬ ವೈದ್ಯನಂತೆ, ಮಾಡಿದ್ದು ತನ್ನ ರೋಗಿಗಳಿಗಾಗಿಯಂತೆ. ಇದನ್ನು ಓದಿದ ದಿನ ನನಗೆ ಸಮಾಧಾನವಾಯಿತು. ಅದರಲ್ಲಿ ಉಪ್ಪು, ಹುಳಿ, ಖಾರ ಯಾಕಿಲ್ಲ ಎಂಬುದಕ್ಕೆ ಕಾರಣ ಸಿಕ್ಕಿತು. ಕಾಯಿಲೆ ಇಲ್ಲದವರು ಒಣಕಾಳು, ಬೀಜ ಬೆರೆಸಿದರೆ ಅದು ಎಳ್ಳುಬೆಲ್ಲವಾಗುತ್ತದೆ. ಎಳ್ಳು, ಬೆಲ್ಲದ ಅಚ್ಚು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ: ಲೆಕ್ಕಕ್ಕೆ ಅದೂ ಮ್ಯೂಸ್ಲಿಯೇ. ಒಂದೇ ವ್ಯತ್ಯಾಸವೆಂದರೆ ಎಳ್ಳುಬೆಲ್ಲವನ್ನು ಯಾರೂ ತಮ್ಮ ಮನೆಯಲ್ಲಿ ಕೂತು ತಮ್ಮದನ್ನೇ ತಿನ್ನುವುದಿಲ್ಲ. ಹೆಚ್ಚಿ ಬೆರೆಸುವುದು ನಮ್ಮ ಮನೆಯಲ್ಲಿ, ತಿನ್ನುವುದು ಪಕ್ಕದ ಮನೆಯವರು. ಅವರದ್ದು ನಮ್ಮ ಬಾಯಿಗೆ. ನಾವು ಬೆರೆಸುವುದು ಕಾಳನ್ನಲ್ಲ, ಮನೆಗಳನ್ನು ಎಂದು ಅವತ್ತು ಬಹಳ ದೊಡ್ಡ ಮಾತು ಹೊಳೆಯಿತು. ಶೈಲಾಗೆ ಹೇಳಿದೆ. "ಹಾಲು ಚೆಲ್ತಿದೆ ನೋಡ್ರಿ," ಎಂದಳು.

ಹೀಗೆ ಸುಖವಾಗಿಯೇ ಇದ್ದೆವು, ಒಂದು ಬೆಳಗಿನವರೆಗೆ.

ಶೈಲಾ ಮರಳಿ ಬರಲು ಅನುಮತಿ ಬೇಕಿತ್ತು. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು, ಟಿಕೆಟ್ಟೂ ಆಯಿತು. ಇಂಚರ ಬಣ್ಣದ ಕಾಗದದಲ್ಲಿ ಹೂವು ಕತ್ತರಿಸಿ ಬಾಗಿಲ ಸುತ್ತ ಅಂಟಿಸಿದಳು. ಅಷ್ಟರಲ್ಲಿ ನಿಯಮ ಬದಲಾಗಿ, ಕೆಲವು ದೇಶಗಳಿಂದ ಸದ್ಯಕ್ಕೆ ಯಾರೂ ಬರುವಂತಿಲ್ಲ ಎಂದಾಯಿತು. ಆ ದೇಶಗಳಲ್ಲಿ ನಮ್ಮದೂ ಒಂದು. ವಿಷಯ ತಿಳಿದ ದಿನದ ಹತ್ತೂವರೆಗೆ ಶೈಲಾ ಕರೆಗೆ ಬಂದಾಗ ತಂಗಿಯ ಕೂಸು ಅವಳ ತೊಡೆಯ ಮೇಲಿತ್ತು. ಅದು ಅವಳ ಕೈಬಳೆ ಹಿಡಿದು ಎಳೆಯುತ್ತಿತ್ತು. ಇಂಚರ ಬಟ್ಟಲು ಮುಟ್ಟದೆ ಅದನ್ನೇ ನೋಡಿದಳು.

"ದಟ್ ಬೇಬಿ ಗಾಟ್ ಟೂ ಅಮ್ಮಾಸ್," ಎಂದಳು. "ಐ ಗಾಟ್ ಝೀರೋ."

ಶೈಲಾ ಕೂಸನ್ನು ತಂಗಿಯ ಕೈಗೆ ಕೊಟ್ಟು ಬಂದು ಮತ್ತೆ ಕೂತಳು. ಅಷ್ಟರಲ್ಲಿ ಇಲ್ಲಿಯ ಕುರ್ಚಿ ಖಾಲಿಯಾಗಿತ್ತು. ಬಾಗಿಲ ಸುತ್ತಲಿನ ಹೂವುಗಳೆಲ್ಲ ಕಸದ ಬುಟ್ಟಿಗೆ ಹೋದವು.

ಮರುದಿನ ಇಂಚರ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಆದರೆ ಟ್ಯಾಬನ್ನು ಪುಸ್ತಕಗಳಿಗೆ ಒರಗಿಸಿ ಎಷ್ಟು ಬಗ್ಗಿಸಿ ಇಟ್ಟಳೆಂದರೆ ಅದರಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ಬಟ್ಟಲು ಕಾಣುತ್ತಿತ್ತು, ಚಮಚ ಹಿಡಿದ ಒಂದು ಕೈ ಕಾಣುತ್ತಿತ್ತು, ಅಷ್ಟೇ. ಅದರ ಮರುದಿನವೂ ಹಾಗೆಯೇ. ಅಮ್ಮ ಮಾತಾಡಿಸಿದರೆ ಉತ್ತರವಿಲ್ಲ. ನನಗೆ ನಿಜವಾದ ಭಯ ಹುಟ್ಟಿದ್ದು ಆಗ. ಗಡಿ ಇಂದಲ್ಲ ನಾಳೆ ತೆರೆಯುತ್ತದೆ, ಶೈಲಾ ಬರುತ್ತಾಳೆ. ಆದರೆ ಬರುವ ಹೊತ್ತಿಗೆ ಅವಳಿಗೊಬ್ಬ ಮಗಳು ಉಳಿದಿರುತ್ತಾಳೆಯೇ? ಗದರಿಸಿ ಟ್ಯಾಬನ್ನು ನೇರ ಮಾಡಿಬಿಡಲೇ ಎಂದು ಶೈಲಾಳನ್ನು ಬೇರೆಯಾಗಿ ಕರೆದು ಕೇಳಿದೆ. ಅವಳು ಅತ್ತಿದ್ದಳು, ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

"ಏನೂ ಅನ್ನಬೇಡ್ರಿ ಅವಳಿಗೆ. ಬಟ್ಲಾದ್ರೂ ತೋರಿಸ್ತಿದಾಳಲ್ಲ," ಎಂದಳು.

ಅಲ್ಲಿಂದ ಮುಂದೆ ಅವಳು ಬಟ್ಟಲನ್ನು ಓದಲು ಕಲಿತಳು. ನಾನು ಎದುರಿಗೇ ಕೂತು ಮಗಳ ಮುಖ ನೋಡಿಯೂ ತಿಳಿಯದ್ದು ಅವಳಿಗೆ ಸಾವಿರಾರು ಮೈಲಿ ಆಚೆಯಿಂದ ಆ ಬಟ್ಟಲಿನಲ್ಲಿ ತಿಳಿಯುತ್ತಿತ್ತು. "ದ್ರಾಕ್ಷಿ ಎಲ್ಲ ಮೊದಲೇ ಆರಿಸಿ ತಿಂದ್ಲು, ಇವತ್ತು ಸಿಟ್ಟು ಜೋರೈತಿ," ಎಂದು ಆಮೇಲೆ ನನಗೆ ಹೇಳುತ್ತಿದ್ದಳು. "ಚಮಚ ಸುಮ್ನೆ ತಿರುವ್ತಿದ್ಲು, ಯಾರ ಜೊತೆಗೋ ಜಗಳ ಆಡಿದಾಳೆ, ಕೇಳಿ ನೋಡ್ರಿ." ಕೇಳಿದರೆ ಹೌದಾಗಿರುತ್ತಿತ್ತು. ಬಟ್ಟಲು ಖಾಲಿಯಾದಾಗ ಮಾತ್ರ ಅವಳು ಮಗಳಿಗೇ ಒಂದು ಮಾತು ಹೇಳುತ್ತಿದ್ದಳು: "ಇನ್ನೊಂಚೂರು ಹಾಕ್ಕೊಳ್ಳೇ ಇಂಚೂ." ಇಂಚರ ಹಾಕಿಕೊಳ್ಳುತ್ತಿರಲಿಲ್ಲ. ನಾನು ಡಬ್ಬ ಹಿಡಿದು ಹೋದರೆ ಬಟ್ಟಲಿನ ಮೇಲೆ ಕೈ ಅಡ್ಡ ಇಡುತ್ತಿದ್ದಳು. ಬಡಿಸುವುದು ನಾವಂದುಕೊಂಡಷ್ಟು ಸಾಮಾನ್ಯ ಕೆಲಸವಲ್ಲ. ಯಾರು ಹಾಕಿದರೆ ಹಾಕಿಸಿಕೊಳ್ಳಬೇಕು ಎಂಬುದು ಪ್ರತಿ ಬಟ್ಟಲಿಗೂ ಗೊತ್ತಿರುತ್ತದೆ.

ಒಂದು ದಿನ ಹತ್ತೂವರೆಗೆ ಕರೆ ಮಾಡಿದರೆ ಅತ್ತ ಕಡೆಯಿಂದಲೂ ಶೈಲಾಳ ಮುಖ ಮಾಯವಾಗಿತ್ತು. ಅವಳ ಫೋನೂ ಕೆಳಗೆ ಬಗ್ಗಿತ್ತು. ಕಾಣುತ್ತಿದ್ದದ್ದು ಒಂದು ಸ್ಟೀಲಿನ ಬಟ್ಟಲು, ಅದರಲ್ಲಿ ಹಾಲು ಹುಯ್ದ ಏನೋ ಒಂದು. ದಾವಣಗೆರೆಯಲ್ಲಿ ಆಗ ಅವಳಿಗೆ ಮ್ಯೂಸ್ಲಿ ಎಲ್ಲಿಂದ ಸಿಗಬೇಕು? ಪೇಪರ್ ಅವಲಕ್ಕಿಯನ್ನು ಹುರಿದು, ಸಾರಿಗೆ ತಂದ ಕುಂಬಳಕಾಯಿಯ ಬೀಜವನ್ನು ಬಿಸಿಲಿಗೆ ಒಣಗಿಸಿ ಸುಲಿದು, ಬಾಣಂತಿಗೆಂದು ತರಿಸಿದ್ದ ದ್ರಾಕ್ಷಿ, ಉತ್ತುತ್ತೆಯಲ್ಲಿ ಒಂದು ಹಿಡಿ ಕದ್ದು, ಮನೆಯಲ್ಲಿದ್ದ ಎಳ್ಳನ್ನೆಲ್ಲ ಬೆರೆಸಿ ಅವಳೇ ಒಂದು ಮಾಡಿಕೊಂಡಿದ್ದಳು. ಮಂಡಕ್ಕಿ ಒಗ್ಗರಣೆಯ ಊರಿನಲ್ಲಿ ಹುಟ್ಟಿದವಳು ಬೆಳಗ್ಗೆ ಎಂಟಕ್ಕೆ ತಣ್ಣನೆಯ ಹಾಲಿನಲ್ಲಿ ಅವಲಕ್ಕಿ ತೇಲಿಸಿಕೊಂಡು ಕೂತಿದ್ದಳು. ತಂಗಿ ಹಿಂದಿನಿಂದ "ಅಕ್ಕಾ, ಮೈ ಹುಷಾರಿಲ್ವೇನೇ" ಎಂದು ಕೇಳಿದ್ದು ನಮಗೂ ಕೇಳಿಸಿತು.

ಈ ಕಡೆ ಒಂದು ಬಟ್ಟಲು, ಆ ಕಡೆ ಒಂದು ಬಟ್ಟಲು. ಮುಖಗಳಿಲ್ಲ. ಚಮಚಗಳ ಸದ್ದು ಮಾತ್ರ. ನಡುವೆ ಒಂದು ಸಮುದ್ರ ಇದೆ ಎಂಬುದು ನನಗೆ ಮರೆತೇಹೋಯಿತು. ಬಟ್ಟಲುಗಳೆರಡು ಒಂದೇ ಮೇಜಿನ ಮೇಲೆ ಎದುರುಬದುರು ಕೂತಂತಿತ್ತು. ಎಷ್ಟೋ ದಿನ ಹಾಗೆಯೇ ನಡೆಯಿತು. ಆಮೇಲೊಂದು ದಿನ ಇಂಚರಳ ಚಮಚ ನಿಂತಿತು.

"ವಾಟ್ಸ್ ದಟ್ ಬ್ಲ್ಯಾಕ್ ಒನ್?"

"ಗುರೆಳ್ಳು," ಎಂದಳು ಶೈಲಾ. ಅವಳ ಚಮಚವೂ ನಿಂತಿತ್ತು.

"ಲುಕ್ಸ್ ಲೈಕ್ ಆ್ಯಂಟ್ಸ್."

"ಇರುವೆನೇ ಆಗಿದ್ರೂ ತಿಂತಿದ್ದೆ ಕಣೇ, ನಿನ್ನ ಜೊತೆ ಕೂರೋಕೆ."

ಇಂಚರ ತನ್ನ ಬಟ್ಟಲಿನಿಂದ ಒಂದು ಕೆಂಪು ಹಣ್ಣಿನ ಚೂರನ್ನು ಚಮಚದಲ್ಲಿ ಎತ್ತಿ ಟ್ಯಾಬಿನ ಹತ್ತಿರ ಹಿಡಿದು, "ಯು ಡೋಂಟ್ ಹ್ಯಾವ್ ದಿಸ್," ಎಂದಳು. ಅಲ್ಲಿಂದ ಮುಂದೆ ದಿನಕ್ಕೊಂದಷ್ಟು ಮಾತು ಬಂದವು, ಎಲ್ಲವೂ ಬಟ್ಟಲಿನೊಳಗಿನ ಮಾತು. ನಿನ್ನದರಲ್ಲಿ ಬೀಜ ಜಾಸ್ತಿ, ನನ್ನದರಲ್ಲಿ ಹಾಲು ಜಾಸ್ತಿ. ಮುಖ ಮಾತ್ರ ಮೇಲೆ ಬರಲಿಲ್ಲ. ಅಷ್ಟಾದರೂ ಸಾಕು ಎಂದು ನಾವಿಬ್ಬರೂ ಸುಮ್ಮನಿದ್ದೆವು.

ಶೈಲಾ ಬಂದದ್ದು ಮರುವರ್ಷ, ತಂಗಿಯ ಕೂಸು ಗೋಡೆ ಹಿಡಿದು ನಡೆಯತೊಡಗಿದ ಮೇಲೆ. ಕ್ವಾಲಾಲಂಪುರದಲ್ಲಿ ಇಳಿದವಳನ್ನು ನೇರ ಒಂದು ಹೋಟೆಲಿಗೆ ಕರೆದೊಯ್ದು ಕ್ವಾರಂಟೈನ್ ಎಂದು ಕೋಣೆಯೊಳಗೆ ಇಟ್ಟರು. ಬಾಗಿಲ ಹೊರಗೆ ಪೊಟ್ಟಣದಲ್ಲಿ ಊಟ. ಈಗ ಅವಳ ಗಡಿಯಾರವೂ ನಮ್ಮದೂ ಒಂದೇ. ಆದರೂ ಕರೆ ಹತ್ತೂವರೆಗೇ, ಬಟ್ಟಲುಗಳೇ. ಅದೆಲ್ಲ ಮುಗಿಸಿ ಒಂದು ಮಧ್ಯಾಹ್ನ ಮನೆಗೆ ಬಂದಳು. ಇಂಚರ ಬಾಗಿಲಲ್ಲಿ ನಿಂತು "ಹಾಯ್ ಅಮ್ಮ" ಎಂದಳು. ಶೈಲಾ ತಬ್ಬಿಕೊಂಡಳು, ಇವಳು ತಬ್ಬಿಸಿಕೊಂಡಳು. ಎರಡೂ ಒಂದೇ ಅಲ್ಲ. ಮಗಳು ತನ್ನ ಭುಜದವರೆಗೆ ಬೆಳೆದಿದ್ದನ್ನು ನೋಡಿ ಶೈಲಾ ಬೆಪ್ಪಾದಳು. ಫೋನಿನಲ್ಲಿ ಬಟ್ಟಲಿನ ಅಳತೆ ಗೊತ್ತಾಗುತ್ತದೆ, ಹುಡುಗಿಯ ಎತ್ತರ ಗೊತ್ತಾಗುವುದಿಲ್ಲ. ಸಂಜೆಯೆಲ್ಲ ಇಂಚರ ನೆಂಟರ ಮುಂದೆ ಇರುವಷ್ಟು ವಿನಯದಿಂದ ಇದ್ದು, ಬೇಗ ಮಲಗಿದಳು. ಶೈಲಾ ಅವಳ ಕೋಣೆಯ ಬಾಗಿಲನ್ನು ನೋಡುತ್ತ ಬಹಳ ಹೊತ್ತು ಸೋಫಾದ ಮೇಲೆ ಕೂತಿದ್ದಳು.

ಬೆಳಗ್ಗೆ ಎಂಟಕ್ಕೆಲ್ಲ ಅವಳು ಉಪ್ಪಿಟ್ಟು ಮಾಡಿದಳು. "ತಣ್ಣಗಾಗ್ತೈತಿ, ಬಾರೇ ಇಂಚೂ" ಎಂದು ಕೂಗಿದಳು. "ನಾಟ್ ಹಂಗ್ರಿ" ಎಂಬ ಉತ್ತರ ಬಾಗಿಲಿನ ಆಚೆಯಿಂದಲೇ ಬಂತು. ಉಪ್ಪಿಟ್ಟು ನಾನು ತಿಂದೆ. ಇಂಚರ ಯಾವಾಗಲೋ ಅಡಿಗೆಮನೆಗೆ ಬಂದು, ತನ್ನ ಬಟ್ಟಲು ತುಂಬಿಕೊಂಡು ಮತ್ತೆ ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಳು.

ಹತ್ತೂವರೆಗೆ ಮೇಜಿನ ಮೇಲಿದ್ದ ಶೈಲಾಳ ಫೋನು ಬಡಿದುಕೊಂಡಿತು. ವಿಡಿಯೋ ಕರೆ. ಕರೆದಿದ್ದವಳು ಇಂಚರ.

ಶೈಲಾ ಫೋನು ನೋಡಿದಳು, ನಾಲ್ಕು ಹೆಜ್ಜೆ ಆಚೆಯ ಬಾಗಿಲು ನೋಡಿದಳು, ನನ್ನನ್ನು ನೋಡಿದಳು. ಎದ್ದು ಹೋಗಿ ಬಾಗಿಲು ತೆರೆ ಎಂದು ನಾನು ಸನ್ನೆ ಮಾಡಿದೆ. ಅವಳು ಬೇಡ ಎಂದು ತಲೆಯಾಡಿಸಿ ಕರೆ ಎತ್ತಿದಳು. ಪರದೆಯ ಮೇಲೆ ಬಟ್ಟಲು, ಚಮಚ, ಒಂದು ಕೈ. ಶೈಲಾ ತಾನೂ ಒಂದು ಬಟ್ಟಲಿಗೆ ಹಾಕಿಕೊಂಡು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೆಳಗೆ ಬಗ್ಗಿಸಿದಳು. ಇಬ್ಬರೂ ತಿಂದರು. ಚಮಚದ ಸದ್ದು ಮೊದಲು ಗೋಡೆಯಾಚೆಯಿಂದ ಬರುತ್ತಿತ್ತು, ಒಂದು ಗಳಿಗೆ ಬಿಟ್ಟು ಫೋನಿನಿಂದ.

"ಯುವರ್ಸ್ ನೌ ಸೇಮ್ ಲೈಕ್ ಮೈನ್," ಎಂದಿತು ಫೋನು.

"ಹೂಂ. ಇರುವೆ ಇಲ್ಲ," ಎಂದಳು ಶೈಲಾ.

ಸಣ್ಣಗೆ ನಗು ಕೇಳಿಸಿತು, ಅದೂ ಎರಡೆರಡು ಸಲ. ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಬಟ್ಟಲು ಖಾಲಿಯಾಯಿತು. ಚಮಚ ಅದರ ತಳವನ್ನು ಒಂದು ಸುತ್ತು ಕೆರೆಯಿತು.

"ಇನ್ನೊಂಚೂರು ಹಾಕ್ಲೇನೇ?" ಎಂದಳು ಶೈಲಾ.

ಇಷ್ಟು ದಿನ ಹಾಕ್ಕೋ ಎನ್ನುತ್ತಿದ್ದವಳು ಇವತ್ತು ಹಾಕ್ಲಾ ಎಂದಿದ್ದಾಳೆ ಎಂಬುದು ನನಗೆ ತಡವಾಗಿ ಹೊಳೆಯಿತು. ಅಷ್ಟರಲ್ಲಿ ಅವಳು ಡಬ್ಬ ತೆಗೆದುಕೊಂಡು ಎದ್ದಾಗಿತ್ತು. ನಾನು ಏಳಲಿಲ್ಲ. ಫೋನನ್ನೇ ನೋಡುತ್ತ ಕೂತೆ.

ಬಾಗಿಲು ಕಿರ್ರೆಂದದ್ದು ಕೇಳಿಸಿತು. ತಿಂಗಳುಗಟ್ಟಲೆ ಒಂದೇ ಕೈ ಇದ್ದ ಆ ಚಿತ್ರದೊಳಗೆ ಇನ್ನೊಂದು ಕೈ ಬಂತು. ಬಳೆ ತೊಟ್ಟ ಕೈ. ಅದು ಬಟ್ಟಲಿನ ಮೇಲೆ ಡಬ್ಬ ಬಗ್ಗಿಸಿತು. ಚಿಕ್ಕ ಕೈ ಬಟ್ಟಲಿಗೆ ಅಡ್ಡ ಬರಲಿಲ್ಲ. ಓಟ್ಸ್ ಬಿತ್ತು, ದ್ರಾಕ್ಷಿ ಬಿತ್ತು, ಬಟ್ಟಲು ತುಂಬಿತು, ಆಮೇಲೂ ಬೀಳುತ್ತಲೇ ಇತ್ತು. "ಇನಫ್, ಇನಫ್ ಲಾ, ಅಮ್ಮಾ!" ಎಂದು ಕೂಗಿತು ಫೋನು. ಆ ಕೈ ಎಲ್ಲಿ ಕೇಳಬೇಕು? ನಮ್ಮಲ್ಲಿ ಸಾಕು ಎಂದ ಮೇಲೆಯೇ ಬಡಿಸುವುದು ಶುರುವಾಗುತ್ತದೆ. ಬೀಜಗಳೆಲ್ಲ ಮೇಜಿನ ಮೇಲೆ ಉದುರಿದವು. ಚಿಕ್ಕ ಕೈ ಚಮಚ ಬಿಟ್ಟು ಆ ದೊಡ್ಡ ಕೈಯ ಮಣಿಕಟ್ಟನ್ನು ಹಿಡಿದುಕೊಂಡಿತು, ಬಳೆಗಳ ಸಮೇತ. ತಡೆಯಲೆಂದು ಹಿಡಿದದ್ದು ಬಿಡಲಿಲ್ಲ. ಟ್ಯಾಬು ಉರುಳಿ ಚಾವಣಿ ಕಂಡಿತು, ಫ್ಯಾನು ಕಂಡಿತು. ಆಮೇಲೆ ಅಳುವ ಸದ್ದು, ಇಬ್ಬರದೂ.

ಈ ಕರೆ ಎಲ್ಲಿ ನಡುವೆ ಕಡಿದುಹೋಗುತ್ತದೋ ಎಂದು ಒಂದು ವರ್ಷ ಹೆದರಿಕೊಂಡೇ ಕೂತಿದ್ದವನು ನಾನು. ಅವತ್ತು ನನ್ನ ಕೈಯಾರೆ ಕಡಿದೆ. ಗೋಡೆಯಾಚೆಯ ಸದ್ದೊಂದೇ ಸಾಕಾಗಿತ್ತು. ನನಗೂ ಸ್ವಲ್ಪ ತಿನ್ನೋಣ ಅನ್ನಿಸಿತು, ಆದರೆ ಡಬ್ಬ ಒಳಗಿತ್ತು, ಬಡಿಸುವವಳೂ ಒಳಗಿದ್ದಳು, ಮತ್ತು ಆ ಮನೆಯಲ್ಲಿ ನನಗೇನು ಬೇಕು ಎಂದು ಕೇಳುವ ಸ್ಥಿತಿಯಲ್ಲಿ ಆ ಹೊತ್ತು ಯಾರೂ ಇರಲಿಲ್ಲ. ತಣ್ಣಗಾಗಿದ್ದ ಉಪ್ಪಿಟ್ಟನ್ನೇ ಇನ್ನೊಂದು ಸಲ ಹಾಕಿಕೊಂಡೆ.